ಮೋಡದೊಳಗಿನವರಿಗೆ ದಿಕ್ಕು ಕಾಯುವ ಮೋಹಿನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಜಪೆಯ ಬಳಿಯ ಗುಡ್ಡದ ನೆತ್ತಿಯಲ್ಲಿ, ಕಬ್ಬಿಣದ ಕಂಬಗಳ ಮೇಲೆ ನಿಂತ ದೊಡ್ಡ ಜಾಲರಿ ಅಟ್ಟದ ಕೆಳಗೆ ಮೋಹಿನಿ ಬಗ್ಗಿ ನಡೆಯುತ್ತಿದ್ದಾರೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಟಾರ್ಚ್. ಕಂಬಕ್ಕೆ ಹಬ್ಬಿದ ಬಳ್ಳಿ ಸಿಕ್ಕಿದರೆ ಬುಡದಲ್ಲೇ ಕಡಿದು ದೂರ ಎಸೆಯುತ್ತಾರೆ. ಕಣಜ ಗೂಡು ಕಟ್ಟಿದೆಯೇ ಎಂದು ಟಾರ್ಚ್ ಹಾಯಿಸುತ್ತಾರೆ. ಅಟ್ಟದ ಅಂಚಿನಲ್ಲಿ ಒಂದು ನವಿಲು ಬಾಲ ಇಳಿಬಿಟ್ಟು ಕುಳಿತಿದೆ.

“ಇಳಿ ಮಾರಾಯ, ಇಳಿ. ಇವತ್ತೊಂದು ದಿನ ಬೇರೆ ಎಲ್ಲಿಯಾದ್ರೂ ಕೂತ್ಕೊ,” ಎಂದು ಮೋಹಿನಿ ಕತ್ತಿಯ ಹಿಡಿಯಿಂದ ಕಂಬಕ್ಕೆ ಎರಡು ಬಡಿಯುತ್ತಾರೆ. ನವಿಲು ಅವರನ್ನು ಒಮ್ಮೆ ನೋಡಿ, ತನಗಿಷ್ಟ ಬಂದಷ್ಟು ಹೊತ್ತು ಕುಳಿತು, ಆಮೇಲೆ ಹಾರುತ್ತದೆ.

ಮೇ ತಿಂಗಳ ಕೊನೆಯ ವಾರದ ಈ ಬೆಳಗ್ಗೆ ದಿಲ್ಲಿಯಿಂದ ತಪಾಸಣೆಯ ವಿಮಾನ ಬರಲಿದೆ. ಅದು ಈ ಗುಡ್ಡದ ಸುತ್ತ ಹಾರಿ, ಇಲ್ಲಿಂದ ಹೊರಡುವ ರೇಡಿಯೊ ಸಂಕೇತ ಎಲ್ಲ ದಿಕ್ಕಿಗೂ ಸರಿಯಾಗಿ ತಲುಪುತ್ತಿದೆಯೇ ಎಂದು ಅಳೆಯುತ್ತದೆ. ಅಳತೆ ಸರಿಯಿದ್ದರೆ ಮಳೆಗಾಲದಲ್ಲಿ ಮಂಗಳೂರಿಗೆ ಬರುವ ವಿಮಾನಗಳು ಈ ಸಂಕೇತವನ್ನು ನಂಬಿ ಮೋಡದೊಳಗಿಂದ ಇಳಿಯಬಹುದು. ತಪ್ಪಿದ್ದರೆ ಆ ದಾರಿ ಮುಚ್ಚುತ್ತದೆ. ಬೇರೆ ವರ್ಷವಾದರೆ ಇದು ಇಷ್ಟು ದೊಡ್ಡ ಮಾತಾಗುತ್ತಿರಲಿಲ್ಲ. ವಿಮಾನವನ್ನು ದಿಕ್ಕು ಮತ್ತು ಎತ್ತರ ಎರಡರಲ್ಲೂ ಕೈಹಿಡಿದು ಇಳಿಸುವ ಐಎಲ್‌ಎಸ್ ಎಂಬ ಹೆಚ್ಚು ನಿಖರವಾದ ವ್ಯವಸ್ಥೆ ಇರುತ್ತದೆ. ಈ ಬಾರಿ ಅದರ ಹಳೆಯ ಉಪಕರಣ ಬಿಚ್ಚಿ ಹೊಸದು ಕೂರಿಸುವ ಕೆಲಸ ನಡೆದಿದೆ. ಹೊಸದು ಸಿದ್ಧವಾಗುವವರೆಗೆ, ಮಳೆಯ ಮೊದಲ ವಾರಗಳಿಗೆ, ಬಹುಪಾಲು ವಿಮಾನಗಳಿಗೆ ಆಧಾರ ಮೋಹಿನಿಯವರ ಈ ಗುಡ್ಡ.

ಐವತ್ತಾರರ ಮೋಹಿನಿ ಇಲ್ಲಿನ ತಂತ್ರಜ್ಞೆ. ಉರ್ವದ ಮನೆಯಿಂದ ಬಸ್ಸು ಹಿಡಿದು ಬರುತ್ತಾರೆ. ಬಸ್ಸಿನಲ್ಲಿ ಅವರನ್ನು ದಿನವೂ ನೋಡುವವರಿಗೂ ಅವರ ಕೆಲಸ ಏನೆಂದು ಗೊತ್ತಿಲ್ಲ. “ಏರ್‌ಪೋರ್ಟಲ್ಲಿ ಕೆಲಸ ಅಂತ ಗೊತ್ತುಂಟು. ಅದಕ್ಕೇ ಫೋನ್ ಮಾಡ್ತಾರೆ, ‘ಮೋಹಿನಿಯಕ್ಕ, ದುಬೈ ಫ್ಲೈಟ್ ಎಷ್ಟು ಗಂಟೆಗೆ? ಕಾರು ನಿಲ್ಲಿಸ್ಲಿಕ್ಕೆ ಪಾಸ್ ಸಿಗ್ತದಾ?’ ಅಂತ. ಇಲ್ಲಿ ಕೆಳಗಿನ ರಸ್ತೆಯವರು ಕೆಲವರು ನಾನು ಹುಲ್ಲು ಕಡಿಯುವವಳು ಅಂದ್ಕೊಂಡಿದ್ದಾರೆ. ಅದೂ ಸುಳ್ಳಲ್ಲ, ಮಳೆಗಾಲದಲ್ಲಿ ಅರ್ಧ ಕೆಲಸ ಅದೇ!”

ಈ ಕೇಂದ್ರಕ್ಕೆ ವಿಮಾನಯಾನದ ಭಾಷೆಯಲ್ಲಿ ವಿಓಆರ್ ಎಂದು ಹೆಸರು. ಭದ್ರತೆಯ ಕಾರಣಕ್ಕೆ ಜಾಗದ ನಿಖರ ವಿವರವನ್ನು ಇಲ್ಲಿ ಕೊಡುತ್ತಿಲ್ಲ. ನೋಡಲು ಬೆರಗೇನೂ ಇಲ್ಲ. ಒಂದು ಸಣ್ಣ ಕೋಣೆ, ಅದರ ಮೇಲೆ ವೃತ್ತಾಕಾರದ ಜಾಲರಿ ಅಟ್ಟ, ಅಟ್ಟದ ಅಂಚಿನುದ್ದಕ್ಕೂ ಬಿಳಿಯ ಮುಚ್ಚಳ ತೊಟ್ಟ ನಲವತ್ತೆಂಟು ಆಂಟೆನಾ, ನಡುವೆ ಒಂದು. ಬೆರಗು ಇರುವುದು ಕಣ್ಣಿಗೆ ಕಾಣದ ಕಡೆ. ಇಲ್ಲಿಂದ ಎರಡು ಸಂಕೇತಗಳು ಒಟ್ಟಿಗೆ ಹೊರಡುತ್ತವೆ. ಒಂದು ಎಲ್ಲ ದಿಕ್ಕಿಗೂ ಒಂದೇ ಬಗೆಯಲ್ಲಿ ಕೇಳುತ್ತದೆ. ಇನ್ನೊಂದು ದಿಕ್ಕು ಬದಲಾದಂತೆ ತಾನೂ ಬದಲಾಗುತ್ತದೆ. ಎರಡರ ನಡುವಿನ ಅಂತರವನ್ನು ಅಳೆದು ವಿಮಾನದ ಉಪಕರಣ, ತಾನು ಈ ಗುಡ್ಡದಿಂದ ಯಾವ ದಿಕ್ಕಿನಲ್ಲಿದ್ದೇನೆ ಎಂದು ಪೈಲಟ್‌ಗೆ ಸೂಜಿಯ ಮೂಲಕ ತೋರಿಸುತ್ತದೆ. ಮುನ್ನೂರ ಅರವತ್ತು ಡಿಗ್ರಿಗಳಿಗೂ ಒಂದೊಂದು ಅಗೋಚರ ದಾರಿ ಈ ಗುಡ್ಡದಿಂದ ಹೊರಟಿದೆ ಎಂದುಕೊಳ್ಳಬಹುದು. ಅವುಗಳಲ್ಲಿ ಒಂದು, ವಿಮಾನಗಳು ಇಳಿಯಲು ಬರುವ ದಾರಿ.

ಆ ದಾರಿಯಲ್ಲಿ ಬರುವುದು ಹೇಗಿರುತ್ತದೆ? ತೊಕ್ಕೊಟ್ಟಿನವರಾದ ಕ್ಯಾಪ್ಟನ್ ನಜ್ಲಾ ಮಂಗಳೂರಿಗೆ ಆಗಾಗ ವಿಮಾನ ತರುತ್ತಾರೆ. “ಮೊದಲು ಇದರ ಫ್ರೀಕ್ವೆನ್ಸಿ ಹಾಕಿ ಕಿವಿಗೊಡ್ತೇವೆ. ಕಟ್ಟ ಕಡ ಅಂತ ಅದು ತನ್ನ ಹೆಸರು ಹೇಳ್ತದೆ, ಮೋರ್ಸ್ ಕೋಡ್‌ನಲ್ಲಿ. ಹೆಸರು ಕೇಳದೆ ಸೂಜಿಯನ್ನು ನಂಬ್ಲಿಕ್ಕಿಲ್ಲ. ಆಮೇಲೆ ಸೂಜಿಯನ್ನು ನಡುವೆ ಇಟ್ಕೊಂಡು ಬರುವುದು. ಇದು ಎತ್ತರ ಹೇಳುವುದಿಲ್ಲ, ದಿಕ್ಕು ಮಾತ್ರ. ಪಕ್ಕದಲ್ಲೇ ದೂರ ಹೇಳುವ ಇನ್ನೊಂದು ಉಪಕರಣ ಉಂಟು. ಇಷ್ಟು ದೂರಕ್ಕೆ ಇಷ್ಟು ಎತ್ತರ ಅಂತ ನಾವೇ ತಾಳೆ ನೋಡಿ ನೋಡಿ ಇಳಿಬೇಕು. ಒಂದು ಎತ್ತರ ಅಂತ ಉಂಟು, ಅದಕ್ಕಿಂತ ಕೆಳಗೆ ರನ್‌ವೇ ಕಾಣದೆ ಇಳಿಯುವ ಹಾಗೇ ಇಲ್ಲ. ಕಾಣ್ಲಿಲ್ಲವಾ, ಮೂಗು ಎತ್ತಿ ವಾಪಸ್.”

ಹೊರಗೆ ಏನು ಕಾಣುತ್ತದೆ ಎಂದು ಕೇಳಿದರೆ ನಜ್ಲಾ ನಗುತ್ತಾರೆ. “ಎಂತದೂ ಇಲ್ಲ. ಬಿಳಿ. ಒರೆಸುವ ಕಡ್ಡಿ ಎಷ್ಟು ಜೋರು ಓಡಿದ್ರೂ ಬಿಳಿ. ಕೆಳಗೆ ಗುಡ್ಡ ಉಂಟು, ಕಣಿವೆ ಉಂಟು, ರನ್‌ವೇ ಮೇಜಿನ ಹಾಗೆ ಎತ್ತರದಲ್ಲಿ ಉಂಟು, ಎಲ್ಲ ಗೊತ್ತುಂಟು. ಕಾಣುವುದು ಆ ಒಂದು ಸೂಜಿ ಮಾತ್ರ. ಹಿಂದೆ ಮಕ್ಕಳು ಅಳ್ತಾ ಇರ್ತವೆ, ಯಾರೋ ಊರಿಗೆ ಬಂದಾಯ್ತು ಅಂತ ಸೀಟ್ ಬೆಲ್ಟಿಗೆ ಕೈ ಹಾಕಿರ್ತಾರೆ. ಆ ಸೂಜಿಯ ಹಿಂದೆ ಯಾರೋ ಒಬ್ಬರು ಇದ್ದಾರೆ ಅಂತ ಆ ಹೊತ್ತಿಗೆ ನೆನಪಾಗುವುದಿಲ್ಲ. ಇಳಿದ ಮೇಲೆ ಆಗ್ತದೆ, ಕೆಲವೊಮ್ಮೆ.”

ಉಪಗ್ರಹ ನೆಚ್ಚಿ ಇಳಿಯುವ ವಿಧಾನಗಳು ಬಂದಿವೆ. ಆದರೆ ಎಲ್ಲ ವಿಮಾನಗಳಲ್ಲೂ ಅದಕ್ಕೆ ಬೇಕಾದ ಉಪಕರಣವಿಲ್ಲ, ಎಲ್ಲ ಪೈಲಟ್‌ಗಳಿಗೂ ಅದರ ಅನುಮತಿ ಇಲ್ಲ. ನೆಲಕ್ಕೆ ಬೇರುಬಿಟ್ಟು ನಿಂತ ಈ ಹಳೆಯ ಸಾಕ್ಷಿಯ ಮಾತಿಗೆ ಇನ್ನೂ ಬೆಲೆಯಿದೆ.

ಆ ಸಾಕ್ಷಿ ಒಂದು ಡಿಗ್ರಿ ತಪ್ಪು ಹೇಳಿದರೆ ಏನಾಗುತ್ತದೆ? ಹತ್ತು ಕಿಲೋಮೀಟರ್ ದೂರದಲ್ಲಿರುವ ವಿಮಾನ ಸುಮಾರು ನೂರೆಪ್ಪತ್ತೈದು ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಅಟ್ಟದಿಂದ ತುಸು ದೂರದಲ್ಲಿ ಒಂದು ಕಂಬ ನಿಂತು ಸಂಕೇತವನ್ನು ಸದಾ ಆಲಿಸುತ್ತಿರುತ್ತದೆ. ತಪ್ಪು ಮಿತಿ ದಾಟಿದರೆ ಮೊದಲು ಎರಡನೇ ಯಂತ್ರ ಚಾಲೂ ಆಗುತ್ತದೆ. ಅದೂ ತಪ್ಪಿದರೆ ಕೇಂದ್ರ ತಾನಾಗಿ ಬಂದ್ ಆಗುತ್ತದೆ. “ಸುಳ್ಳು ದಿಕ್ಕು ಹೇಳುವುದಕ್ಕಿಂತ ಬಾಯಿ ಮುಚ್ಚಿ ಕೂತ್ಕೊಳ್ಳುವುದು ಒಳ್ಳೆಯದಲ್ವಾ?” ಎನ್ನುತ್ತಾರೆ ಮೋಹಿನಿ. ಸಿಡಿಲು ಬಡಿದು, ಬಳ್ಳಿ ಹಬ್ಬಿ, ದನ ಬಂದು ಕಂಬಕ್ಕೆ ಮೈ ಉಜ್ಜಿ ಕೇಂದ್ರ ಬಂದ್ ಆದಾಗಲೆಲ್ಲ ಗುಡ್ಡ ಹತ್ತಿ ಬರಬೇಕಾದವರು ಅವರೇ. ಒಮ್ಮೆ ಕೇಬಲ್ಲಿನ ಗುಂಡಿಯ ಮುಚ್ಚಳ ಎತ್ತಿದಾಗ ವಿಷದ ಕನ್ನಡಿಹಾವು ಸುರುಳಿ ಸುತ್ತಿ ಮಲಗಿತ್ತು. “ಅದಕ್ಕೂ ಮಳೆ ಅಲ್ವಾ ಪಾಪ. ಅದು ಹೋಗುವವರೆಗೆ ಕಾದೆ.”

ಮೋಹಿನಿ ಮೀನುಗಾರರ ಮನೆಯವರು. ತಂದೆ ಚೆನ್ನಪ್ಪ ಉರ್ವದ ಕಡೆಯಿಂದ ದೋಣಿ ಇಳಿಸುತ್ತಿದ್ದರು. ಎರಡು ನದಿಗಳು ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ ದೋಣಿ ಒಳತರುವುದು ಸುಲಭದ ಮಾತಲ್ಲ. ಎಡಕ್ಕೆ ತಪ್ಪಿದರೆ ಮರಳದಿಬ್ಬ, ಬಲಕ್ಕೆ ತಪ್ಪಿದರೆ ಮುರಿಯುವ ಅಲೆ. ಚೆನ್ನಪ್ಪ ದಡದಲ್ಲಿ ಎರಡು ಗುರುತು ಇಟ್ಟುಕೊಂಡಿದ್ದರು. ಹತ್ತಿರದ್ದೊಂದು ತೆಂಗಿನ ಮರ, ದೂರದ್ದೊಂದು ಗುಡ್ಡದ ತಲೆ. ಒಂದರ ಹಿಂದೆ ಒಂದು ಕೂತರೆ ದೋಣಿ ಸರಿದಾರಿಯಲ್ಲಿದೆ. ಮಳೆ ಬಂದು ಗುರುತು ಮಾಸಿದರೆ, ದಡ ಎಷ್ಟೇ ಹತ್ತಿರವಿದ್ದರೂ ದೋಣಿಯನ್ನು ತಿರುಗಿಸಿ ಮತ್ತೆ ಕಡಲಿಗೆ. “ಮನೆಯಲ್ಲಿ ಅಮ್ಮ ಕಾಯ್ತಾ ಇದ್ರು, ಹಸಿವು ಇತ್ತು, ಆದ್ರೂ ತಿರುಗಿಸ್ತಿದ್ರು. ‘ಕಡಲು ಬೈಯುವುದಿಲ್ಲ, ಕಾಯ್ತದೆ’ ಅಂತಿದ್ರು. ನಾನು ಪಾಲಿಟೆಕ್ನಿಕ್ಕಲ್ಲಿ ಎಲೆಕ್ಟ್ರಾನಿಕ್ಸ್ ಕಲ್ತು ಇಲ್ಲಿಗೆ ಬಂದಾಗ ಸರ್ ಒಬ್ಬರು ಬೋರ್ಡಲ್ಲಿ ಬರೆದು ವಿವರಿಸಿದ್ರು, ವಿಮಾನ ಹೇಗೆ ಬರ್ತದೆ, ಕಾಣದಿದ್ರೆ ಹೇಗೆ ವಾಪಸ್ ಹೋಗ್ತದೆ ಅಂತ. ಅರೆ, ಇದು ನಮ್ಮ ಅಪ್ಪನದ್ದೇ ಕೆಲಸ ಅಲ್ವಾ ಅಂತ ಅನ್ಸಿತು.”

ಗಂಡ ಕಮಲೇಶ್ ಮೀನು ಇಳಿಸುವ ದಕ್ಕೆಯಲ್ಲಿ ಐಸ್ ಕಾರ್ಖಾನೆಯ ಮೆಕ್ಯಾನಿಕ್. ಮಗಳು ಅಕ್ಷಿತಾ ನರ್ಸಿಂಗ್ ಮುಗಿಸಿದ್ದಾಳೆ. ಮಗಳ ಶಾಲೆಯ ವಾರ್ಷಿಕೋತ್ಸವ, ನೆಂಟರ ಮದುವೆ, ಅತ್ತೆಯ ಆಸ್ಪತ್ರೆ, ಎಲ್ಲದರ ನಡುವಿನಿಂದಲೂ ಮೋಹಿನಿ ಎದ್ದು ಬಂದಿದ್ದಾರೆ. “ಸೀರೆಯಲ್ಲೇ ಗುಡ್ಡ ಹತ್ತಿದ್ದುಂಟು,” ಎನ್ನುತ್ತಾರೆ ಕಮಲೇಶ್. “ಮದುವೆ ಊಟದ ಪಾಯಸ ಇವಳಿಗೆ ಯಾವಾಗಲೂ ಟಿಫಿನ್ ಡಬ್ಬಿಯಲ್ಲಿ.”

ತಪಾಸಣೆಯ ವಿಮಾನದ ಸದ್ದು ಕೇಳುತ್ತದೆ. ಎರಡು ಎಂಜಿನ್ನಿನ ಪುಟ್ಟ ವಿಮಾನ. ಕೋಣೆಯೊಳಗೆ ಎಂಜಿನಿಯರ್ ಶ್ರೀನಂದನ ರೇಡಿಯೊ ಹಿಡಿದು ಕುಳಿತಿದ್ದಾರೆ. ಮೋಹಿನಿ ಬಾಗಿಲಲ್ಲಿ ನಿಂತಿದ್ದಾರೆ. ವಿಮಾನ ಗುಡ್ಡವನ್ನು ನಡುವೆ ಇಟ್ಟುಕೊಂಡು ದೂರದಲ್ಲಿ ಒಂದು ಸುತ್ತು ಹಾಕುತ್ತದೆ. ಸರಿ. ಆಮೇಲೆ ಇಳಿಯುವ ದಾರಿ ಹಿಡಿದು ಬರುತ್ತದೆ. ಮತ್ತೊಮ್ಮೆ ಬರುತ್ತದೆ. ಮೂರನೇ ಸಲ ಬಂದಾಗ ಶ್ರೀನಂದನರ ಮುಖ ಇಳಿದಿದೆ.

“ಆ ದಾರಿಯಲ್ಲಿ ಸೂಜಿ ಅಲ್ಲಾಡ್ತಾ ಉಂಟಂತೆ, ಮೇಡಂ. ಮಿತಿಗಿಂತ ಜಾಸ್ತಿ.”

“ಇಲ್ಲಿ ಎಲ್ಲ ಹಸಿರು ತೋರಿಸ್ತಾ ಉಂಟಲ್ಲ ಸರ್?”

“ಇಲ್ಲಿಯ ಕಂಬ ಆಚೆ ಬದಿಗೆ. ಅದಕ್ಕೆ ಈಚೆ ಬದಿಯ ಡೊಂಕು ಕಾಣುವುದಿಲ್ಲ. ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡ್ತಾರಂತೆ. ಆಮೇಲೆ ಬೇರೆ ಊರಿಗೆ ಹೋಗ್ಲಿಕ್ಕುಂಟು.”

ಮುಂದಿನ ಸರದಿ ಮಳೆಗಾಲದ ನಡುವೆ ಎಲ್ಲೋ. ನಾಳೆ ಸರಿಹೋಗದಿದ್ದರೆ ಅಲ್ಲಿಯವರೆಗೆ ಮೋಡ ಕವಿದಾಗಲೆಲ್ಲ ವಿಮಾನಗಳು ಬೆಂಗಳೂರಿಗೋ ಕೊಚ್ಚಿಗೋ ತಿರುಗಬೇಕು.

ಮೋಹಿನಿ ಮೊದಲು ಸಂಶಯಪಡುವುದು ತಮ್ಮ ಯಂತ್ರವನ್ನೇ. ಸಂಕೇತವನ್ನು ನಿಲ್ಲಿಸಿ, ಇಬ್ಬರೂ ಅಟ್ಟ ಹತ್ತಿ ಆಂಟೆನಾಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡುತ್ತಾರೆ. ಕೇಬಲ್ಲಿನ ತುದಿಗಳನ್ನು ಒರೆಸಿ ಬಿಗಿಯುತ್ತಾರೆ. ಮುಖ್ಯ ಯಂತ್ರ ಬಿಟ್ಟು ಎರಡನೆಯದನ್ನು ಹಾಕಿ ಅಳೆಯುತ್ತಾರೆ. ಮಧ್ಯಾಹ್ನದವರೆಗೂ ಯಾವ ದೋಷವೂ ಸಿಗುವುದಿಲ್ಲ. ಬಿಸಿಲಿಗೆ ಜಾಲರಿ ಕಾದು ಚಪ್ಪಲಿಯೊಳಗಿಂದಲೂ ಅಂಗಾಲು ಸುಡುತ್ತಿದೆ. “ಊಟ ಮಾಡಿ ಬನ್ನಿ ಮೇಡಂ,” ಎಂದು ಶ್ರೀನಂದನ ಹೇಳುತ್ತಾರೆ. ಮೋಹಿನಿ ಇಳಿಯುವುದಿಲ್ಲ. ನಡುವಿನ ಆಂಟೆನಾದ ಪಕ್ಕ ನಿಂತು, ವಿಮಾನ ಬರುವ ದಿಕ್ಕಿಗೆ ಮುಖ ಮಾಡಿ, ಒಂದು ಕಣ್ಣು ಮುಚ್ಚುತ್ತಾರೆ. ಅಂಚಿನ ಒಂದು ಆಂಟೆನಾದ ನೆತ್ತಿಯನ್ನು ಹತ್ತಿರದ ಗುರುತು ಮಾಡಿಕೊಂಡು, ಅದರ ಹಿಂದೆ ದೂರದಲ್ಲಿ ಏನು ಕೂರುತ್ತದೆ ಎಂದು ನೋಡುತ್ತಾರೆ.

ಕೂರುವುದು ಒಂದು ಹೊಳಪು. ಬಿಸಿಲಿಗೆ ಕಣ್ಣು ಕುಕ್ಕುವ, ಹೊಚ್ಚ ಹೊಸ ತಗಡು.

ಗುಡ್ಡದ ಇಳಿಜಾರಿನಲ್ಲಿ, ಬೇಲಿಯಿಂದಾಚೆ, ಗೆರ್ಟ್ರೂಡ್ ಡಿಸೋಜ ಅವರ ಮನೆ. ಅವರ ಮಗಳು ಲವೀನಾಳ ಮದುವೆಗೆ ನಾಲ್ಕೇ ದಿನ. ಅದರ ಹಿಂದಿನ ಸಂಜೆ ರೋಸ್. ಮದುಮಗಳಿಗೆ ಬಂಧುಗಳೆಲ್ಲ ತೆಂಗಿನ ಹಾಲು ಹಚ್ಚಿ ಹರಸುವ ಈ ಶಾಸ್ತ್ರಕ್ಕೆ ಊರಿಡೀ ಬರುತ್ತದೆ. ಮೊದಲೆಲ್ಲ ಅಂಗಳಕ್ಕೆ ಮಡಲಿನ ಚಪ್ಪರ ಹಾಕುತ್ತಿದ್ದರು, ಹೆಣೆದ ತೆಂಗಿನ ಗರಿಯದು. ಈಚೆಗೆ ಮೇ ಕೊನೆಯ ಮಳೆಗೆ ಹೆದರಿ ತಗಡಿನ ಚಪ್ಪರ. ಗೆರ್ಟ್ರೂಡ್ ಅವರ ಅಂಗಳ ದೊಡ್ಡದು, ಪಕ್ಕದ ಮೈದಾನವನ್ನೂ ಸೇರಿಸಿ ಕಟ್ಟಿಸಿದ್ದಾರೆ. ಎತ್ತರದ ಇಳಿಜಾರು ಮಾಡು, ಗುಡ್ಡದ ಬದಿಗೆ ಗಾಳಿ ತಡೆಯಲು ತಗಡಿನದೇ ಗೋಡೆ.

ಮೋಹಿನಿ ಅಟ್ಟದ ಮೇಲೆಯೇ ಕುಳಿತುಬಿಡುತ್ತಾರೆ. “ನಿನ್ನೆ ಅದರಡಿಯಲ್ಲೇ ಕೂತು ಸಾನ್ನಾ ಇಡ್ಲಿ ತಿಂದು ಬಂದೆ ಸರ್. ‘ಎಷ್ಟು ಒಳ್ಳೆ ನೆರಳು ಗೆರ್ಟ್ರೂಡ್ ಬಾಯಿ’ ಅಂತ ಹೊಗಳಿಯೂ ಬಂದೆ. ದಿನಾ ಬಳ್ಳಿ ನೋಡ್ತೇನೆ, ದನ ನೋಡ್ತೇನೆ, ನವಿಲು ಓಡಿಸ್ತೇನೆ. ಮದುವೆ ಮನೆಯ ಚಪ್ಪರ ಅಲ್ವಾ, ಕಣ್ಣಿಗೆ ಬಿದ್ರೂ ತಲೆಗೆ ಹೋಗ್ಲೇ ಇಲ್ಲ.”

ಶ್ರೀನಂದನ ಅಷ್ಟು ಬೇಗ ಒಪ್ಪುವವರಲ್ಲ. ಈ ಮಾದರಿಯ ಕೇಂದ್ರ ಸುತ್ತಲಿನ ಪ್ರತಿಫಲನಕ್ಕೆ ಸುಲಭವಾಗಿ ಮೋಸಹೋಗುವುದಿಲ್ಲ ಎನ್ನುತ್ತಾರೆ. ಆದರೆ ಅಷ್ಟು ಹತ್ತಿರದಲ್ಲಿ, ಅಷ್ಟು ದೊಡ್ಡ ತಗಡು, ಅದೂ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿರುವುದನ್ನು ಅವರೂ ಕಂಡದ್ದು ಇದೇ ಮೊದಲು. “ಇರಬಹುದು. ಇಲ್ಲದೆಯೂ ಇರಬಹುದು. ತೆಗೆಸದೆ ಗೊತ್ತಾಗುವುದಿಲ್ಲ.” ಕೇಂದ್ರದ ಸುತ್ತ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದಕ್ಕೆ ನಿಯಮಗಳಿವೆ. ನೋಟಿಸ್ ಕೊಟ್ಟು ತೆಗೆಸಲೂಬಹುದು. ಆದರೆ ನೋಟಿಸ್ ಸಹಿಯಾಗಿ ಬರುವಷ್ಟರಲ್ಲಿ ತಪಾಸಣೆಯ ವಿಮಾನ ಇನ್ನೊಂದು ಊರಿನ ಮೇಲೆ ಹಾರುತ್ತಿರುತ್ತದೆ.

“ನಾನು ಹೋಗ್ತೇನೆ,” ಎನ್ನುತ್ತಾರೆ ಮೋಹಿನಿ.

ಗೆರ್ಟ್ರೂಡ್ ಚಪ್ಪರದಡಿಯಲ್ಲಿ ಕುಳಿತು ತೆಂಗಿನಕಾಯಿ ವಿಂಗಡಿಸುತ್ತಿದ್ದಾರೆ. ಚಪ್ಪರ ಕಟ್ಟಿದ ಹಸನಬ್ಬ ಏಣಿಯ ಮೇಲೆ ನಿಂತು ದೀಪದ ಸರ ಬಿಗಿಯುತ್ತಿದ್ದಾರೆ. ಮೋಹಿನಿ ಸುತ್ತುಬಳಸದೆ ವಿಷಯ ಹೇಳುತ್ತಾರೆ. ಇಬ್ಬರೂ ಕೆಲಸ ನಿಲ್ಲಿಸಿ ಅವರನ್ನೇ ನೋಡುತ್ತಾರೆ.

“ಎಂತ ಮೋಹಿನಿಯಕ್ಕ, ನನ್ನ ತಗಡು ನೋಡಿ ವಿಮಾನಕ್ಕೆ ನಾಚಿಕೆ ಆಯ್ತಾ?” ಎಂದು ಹಸನಬ್ಬ ಮೇಲಿನಿಂದ ನಗುತ್ತಾರೆ.

ಗೆರ್ಟ್ರೂಡ್ ನಗುವುದಿಲ್ಲ. “ಮೂವತ್ತು ವರ್ಷದಿಂದ ನಿಮ್ಮ ವಿಮಾನದ ಶಬ್ದಕ್ಕೆ ಜಪಸರವನ್ನು ನಿಲ್ಸಿ ನಿಲ್ಸಿ ಹೇಳ್ತಾ ಬಂದಿದ್ದೇನೆ. ಒಂದು ಮಾತು ಆಡಿದ್ದೇನಾ? ಈಗ ಇರುವ ಒಬ್ಬಳು ಮಗಳ ರೋಸಿಗೆ ಚಪ್ಪರವೂ ಆಗ್ಲಿಕ್ಕಿಲ್ವಾ?”

“ಚಪ್ಪರ ಬೇಕು ಬಾಯಿ. ತಗಡು ಬೇಡ.”

“ಮಳೆ ಬಂದ್ರೆ? ಐನೂರು ಜನಕ್ಕೆ ನೀನು ಕೊಡೆ ಹಿಡಿತೀಯಾ?”

ಏಣಿಯಿಂದ ಇಳಿದ ಹಸನಬ್ಬ ಒಂದು ದಾರಿ ಹುಡುಕುತ್ತಾರೆ. ಚಪ್ಪರ ಕಟ್ಟುವುದರಲ್ಲಿ ತಲೆ ಹಣ್ಣಾದವರು. “ಸುಲಭ ಉಂಟಲ್ಲ. ಈಗ ಬಿಚ್ಚುವಾ. ನಾಳೆ ಬೆಳಿಗ್ಗೆ ವಿಮಾನ ಬಂದು ನೋಡಿ ಪಾಸ್ ಅಂತ ಹೇಳಿ ಹೋಗ್ಲಿ. ಹತ್ತು ಗಂಟೆಗೆ ಮತ್ತೆ ಏರಿಸ್ತೇನೆ. ಬಾಯಿಗೂ ಆಯ್ತು, ನಿಮಗೂ ಆಯ್ತು.”

ಗೆರ್ಟ್ರೂಡ್ ಅವರ ಮುಖ ಅರಳುತ್ತದೆ. “ಹಾಗೆ ಮಾಡುವಾ ಮೋಹಿನಿ. ಯಾರಿಗೆ ಗೊತ್ತಾಗ್ತದೆ?”

ಹೌದು, ಯಾರಿಗೂ ಗೊತ್ತಾಗುವುದಿಲ್ಲ. ಕೇಂದ್ರದ ಕಂಬಕ್ಕೆ ಆ ಡೊಂಕು ಕಾಣುವುದಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿರುತ್ತದೆ. ಮದುವೆ ಮುಗಿದ ಮೇಲೆ ತಗಡು ತಾನಾಗಿಯೇ ಇಳಿಯುತ್ತದೆ. ನಡುವೆ ಇರುವುದು ನಾಲ್ಕೇ ದಿನ, ಆ ನಾಲ್ಕು ದಿನ ಮೋಡವೇ ಕವಿಯದೆ ಇರಲೂಬಹುದು. ಮೇಲಿನ ತಗಡು ಬಿಸಿಲಿಗೆ ಟಕ್ಕೆಂದು ಸದ್ದು ಮಾಡುತ್ತದೆ.

“ಆಗುವುದಿಲ್ಲ ಬಾಯಿ. ನೋಡ್ಲಿಕ್ಕೆ ಬರುವ ವಿಮಾನಕ್ಕೆ ಒಂದು ಸೂಜಿ, ಜನ ಕೂತ ವಿಮಾನಕ್ಕೆ ಇನ್ನೊಂದು ಸೂಜಿಯಾ?”

“ನಾಲ್ಕು ದಿನಕ್ಕೆ ಎಂತ ಆಗ್ತದೆ ಮಾರಾಯ್ತಿ?”

“ಎಂತದೂ ಆಗ್ಲಿಕ್ಕಿಲ್ಲ. ಆದ್ರೆ ನಂಗೆ ಗೊತ್ತಿದ್ದೂ ಸುಮ್ಮನೆ ಕೂತ ಹಾಗೆ ಆಗ್ತದೆ. ಏರಿಸುವುದೇ ಆದ್ರೆ ಹೇಳಿ, ನಾನು ಮೇಲೆ ಹೋಗಿ ಯಂತ್ರ ಬಂದ್ ಮಾಡ್ಲಿಕ್ಕೆ ಹೇಳ್ತೇನೆ. ಅದು ಬಂದ್ ಇದ್ರೂ ನಂಗೆ ನಿದ್ರೆ ಬರ್ತದೆ. ಸುಳ್ಳು ಹೇಳಿದ್ರೆ ಬರುವುದಿಲ್ಲ.”

ಗೆರ್ಟ್ರೂಡ್ ಎದ್ದು ಒಳಗೆ ಹೋಗುತ್ತಾರೆ. ಒಳಗೆ ಕೊಂಕಣಿಯಲ್ಲಿ ತಾಯಿ ಮಗಳ ಮಾತು ಏರುತ್ತದೆ, ಇಳಿಯುತ್ತದೆ. ಹಸನಬ್ಬ ತಲೆಯ ಟೊಪ್ಪಿ ತೆಗೆದು ಬೀಸಿಕೊಳ್ಳುತ್ತಾರೆ. ಮೋಹಿನಿ ಕಾಯಿಯ ರಾಶಿಯ ಪಕ್ಕ ನಿಂತೇ ಇದ್ದಾರೆ. ಎಷ್ಟೋ ಮಳೆಗಾಲಗಳಲ್ಲಿ ಒದ್ದೆ ಕೊಡೆಯನ್ನು ಇಟ್ಟದ್ದು ಈ ಜಗಲಿಯಲ್ಲಿ, ಬಿಸಿನೀರು ಕುಡಿದದ್ದು ಈ ಅಡುಗೆಮನೆಯಲ್ಲಿ. ಇಂದು ಒಳಗೆ ಬಾ ಎಂದು ಯಾರೂ ಕರೆಯುವುದಿಲ್ಲ.

ಹೊರಗೆ ಬಂದವರು ಗೆರ್ಟ್ರೂಡ್ ಅಲ್ಲ, ಲವೀನಾ. “ಬಿಚ್ಚಿ ಹಸನಬ್ಬಾಕ. ಅಮ್ಮನ ಹತ್ರ ಈಗ ಮಾತಾಡ್ಬೇಡಿ,” ಎಂದಷ್ಟೇ ಹೇಳುತ್ತಾಳೆ. ಆಮೇಲೆ ಮೋಹಿನಿಯವರತ್ತ ತಿರುಗಿ, “ಮಡಲು ಹೆಣೆಯುವವರು ಈಗ ಯಾರಿದ್ದಾರೆ ಆಂಟಿ?”

“ನಾನಿದ್ದೇನೆ.”

ಸಂಜೆಯೊಳಗೆ ತಗಡು ಕೆಳಗಿಳಿದು ಗುಡ್ಡದ ಮರೆಯಲ್ಲಿ ರಾಶಿ ಬೀಳುತ್ತದೆ. ಅಡಿಕೆ ಮರದ ಕಂಬಗಳು ಹಾಗೆಯೇ ನಿಲ್ಲುತ್ತವೆ. ಸುತ್ತಲಿನ ನಾಲ್ಕೈದು ಮನೆಗಳಿಂದ ತೆಂಗಿನ ಗರಿ ಬರುತ್ತದೆ. ಮೋಹಿನಿ ಬೇಲಿಯ ಈಚೆ ಚಪ್ಪಲಿ ಬಿಟ್ಟು, ಅಂಗಳದಲ್ಲಿ ಕಾಲು ಚಾಚಿ ಕುಳಿತು, ಗರಿಯನ್ನು ಸೀಳಿ, ಒಂದರ ಮೇಲೊಂದು ಎಳೆದು ಹೆಣೆಯುತ್ತಾರೆ. ಬೆಳಿಗ್ಗೆ ಕೇಬಲ್ಲಿನ ತುದಿಗಳನ್ನು ಬಿಗಿದ ಬೆರಳುಗಳೇ ಇವು. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಮಡಲಿನ ಮೇಲೆ ಹೊದೆಸಲು ಹಸನಬ್ಬ ನೀಲಿ ಟರ್ಪಾಲು ತರಿಸುತ್ತಾರೆ. ರೇಡಿಯೊ ಅಲೆಗೆ ಪ್ಲಾಸ್ಟಿಕ್ ಇದ್ದೂ ಇಲ್ಲದಂತೆ. “ನಲವತ್ತು ವರ್ಷದಲ್ಲಿ ಇಂಥ ಪಾರ್ಟಿ ಸಿಕ್ಕಿದ್ದು ಇದೇ ಫಸ್ಟು. ಕಟ್ಟಿದ್ದೂ ನಾನೇ, ಬಿಚ್ಚಿದ್ದೂ ನಾನೇ, ಮದುಮಗಳು ಇನ್ನೂ ಸೀರೆ ಉಟ್ಟಿಲ್ಲ,” ಎಂದು ಅವರು ಗೊಣಗುತ್ತಾರೆ. ಗೆರ್ಟ್ರೂಡ್ ಹೊರಗೆ ಬರುವುದೇ ಇಲ್ಲ.

ಮರುದಿನ ಬೆಳಿಗ್ಗೆ ಪುಟ್ಟ ವಿಮಾನ ಮತ್ತೆ ಬರುತ್ತದೆ. ತಗಡೇ ಕಾರಣವೆಂದು ಈ ಕ್ಷಣದವರೆಗೂ ಯಾರಿಗೂ ಖಾತ್ರಿಯಿಲ್ಲ. ಮೋಹಿನಿಯವರಿಗೂ ಇಲ್ಲ. ಅಲ್ಲವೆಂದಾದರೆ ಒಂದು ಮದುವೆ ಮನೆಯ ಮಾಡನ್ನು ಸುಮ್ಮನೆ ಕಿತ್ತಂತೆ. ವಿಮಾನ ಇಳಿಯುವ ದಾರಿ ಹಿಡಿದು ಒಮ್ಮೆ ಬರುತ್ತದೆ. ಮೋಹಿನಿ ಕೈ ಕಟ್ಟಿ ಗೋಡೆಗೆ ಒರಗಿದ್ದಾರೆ. ಇನ್ನೊಮ್ಮೆ ಬರುತ್ತದೆ. ರೇಡಿಯೊದಲ್ಲಿ ಹಿಂದಿ ಬೆರೆತ ಇಂಗ್ಲಿಷಿನ ಒಂದು ಸಾಲು. ಶ್ರೀನಂದನ ಅದನ್ನು ಇನ್ನೊಮ್ಮೆ ಹೇಳಲು ಕೇಳುತ್ತಾರೆ. ಮತ್ತೆ ಅದೇ ಸಾಲು.

“ಸೂಜಿ ನೆಟ್ಟಗೆ ಉಂಟಂತೆ,” ಎಂದು ಅವರು ತಿರುಗುವಷ್ಟರಲ್ಲಿ ಗೋಡೆಯ ಬಳಿ ಮೋಹಿನಿ ಇಲ್ಲ. ಹೊರಗೆ ಅಟ್ಟದ ಕಂಬವೊಂದನ್ನು ಹಿಡಿದು, ಆ ವಿಮಾನ ಸಣ್ಣದಾಗುವವರೆಗೂ ನೋಡುತ್ತ ನಿಂತಿದ್ದಾರೆ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಬರೆದರೆ ಅದು ಸತ್ಯವಾಗುವುದಿಲ್ಲ. ರೋಸಿನ ಸಂಜೆ ಮಳೆ ಬರುತ್ತದೆ. ಟರ್ಪಾಲಿನ ನಡುವೆ ನೀರು ತುಂಬಿ, ಹೊಟ್ಟೆಬಿಟ್ಟು, ಊಟದ ಸಾಲಿನ ಮೇಲೆ ಸುರಿಯುತ್ತದೆ. ಬ್ಯಾಂಡಿನವರು ಡ್ರಮ್ ಹೊತ್ತು ಜಗಲಿಗೆ ಓಡುತ್ತಾರೆ. ಮದುಮಗಳ ಮೈಮೇಲಿನ ತೆಂಗಿನ ಹಾಲು ಮಳೆನೀರಿಗೇ ತೊಳೆದುಹೋಯಿತೆಂದು ನೆಂಟರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಗೆರ್ಟ್ರೂಡ್ ನಗಲಿಲ್ಲ. ಮದುವೆ ಕಳೆದ ಮೇಲೂ ಕೆಲವು ದಿನ ಮೋಹಿನಿ ಬೇಲಿಯ ಬಳಿ ಹಾದುಹೋದರೆ ಅವರು ಬೆನ್ನು ತಿರುಗಿಸಿ ಬಟ್ಟೆ ಒಣಗಹಾಕುತ್ತಿದ್ದರು. “ಅವರದ್ದು ತಪ್ಪಲ್ಲ,” ಎನ್ನುತ್ತಾರೆ ಮೋಹಿನಿ. “ಒಬ್ಬಳೇ ಮಗಳು. ನಾನಾದ್ರೆ ಇನ್ನೂ ಜಾಸ್ತಿ ಬೈತಿದ್ದೆ.”

ಜೂನ್ ಎರಡನೇ ವಾರ. ಗುಡ್ಡ ಮೋಡದೊಳಗಿದೆ. ಅಟ್ಟದ ಆಚೆ ತುದಿಯ ಆಂಟೆನಾಗಳೇ ಕಾಣುತ್ತಿಲ್ಲ. ಮೋಹಿನಿ ರೇನ್‌ಕೋಟ್ ತೊಟ್ಟು ಬಳ್ಳಿ ಕಡಿಯುತ್ತಿದ್ದಾರೆ. ಎಲ್ಲೋ ಎತ್ತರದಲ್ಲಿ ಎಂಜಿನ್ನಿನ ಸದ್ದು. ಅವರ ಕತ್ತಿ ನಿಲ್ಲುತ್ತದೆ. ಸದ್ದು ಹತ್ತಿರವಾಗುತ್ತದೆ, ಇನ್ನೂ ಹತ್ತಿರವಾಗುತ್ತದೆ, ನೆಲ ಮೆಲ್ಲಗೆ ನಡುಗುತ್ತದೆ. ಕಣ್ಣಿಗೆ ಮಾತ್ರ ಏನೂ ಇಲ್ಲ. ಇದ್ದಕ್ಕಿದ್ದಂತೆ ಎಂಜಿನ್ ಗುಡುಗಿ, ಸದ್ದು ಮೇಲೇರಿ ಕ್ಷೀಣಿಸುತ್ತದೆ. ರನ್‌ವೇ ಕಾಣಲಿಲ್ಲ, ಪೈಲಟ್ ವಿಮಾನವನ್ನು ಎತ್ತಿಕೊಂಡು ಹೋಗಿದ್ದಾರೆ.

“ಸರಿ ಮಾಡಿದ್ರು,” ಎಂದು ಮೋಹಿನಿ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ.

ಬಹಳ ಹೊತ್ತಿನ ನಂತರ ಸದ್ದು ಮತ್ತೆ ಬರುತ್ತದೆ, ಅದೇ ದಾರಿಯಲ್ಲಿ. ಈಗ ಮೋಡ ಒಂದಿಷ್ಟು ಹರಿದಿದೆ. ಒಂದು ಕ್ಷಣ ದೀಪಗಳು ಕಾಣುತ್ತವೆ, ಒದ್ದೆ ರೆಕ್ಕೆ ಕಾಣುತ್ತದೆ, ಸಾಲು ಕಿಟಕಿಗಳು ಕಾಣುತ್ತವೆ. ಏನೂ ಕಾಣದ ಬಿಳುಪಿನೊಳಗಿಂದ, ಕೇವಲ ಈ ಗುಡ್ಡದ ಮಾತು ನಂಬಿ, ಅಷ್ಟು ದೊಡ್ಡ ವಿಮಾನ ಸರಿಯಾಗಿ ಎಲ್ಲಿರಬೇಕೋ ಅಲ್ಲಿಗೇ ಬಂದಿದೆ. ಆಮೇಲೆ ಗುಡ್ಡದಾಚೆ ಚಕ್ರ ನೆಲ ಮುಟ್ಟಿದ ಸದ್ದು, ಎಂಜಿನ್ನಿನ ಮೊರೆತ. ಮೋಹಿನಿ ಆಗಲೇ ಮುಂದಿನ ಕಂಬದ ಬಳ್ಳಿಗೆ ಕೈ ಹಾಕಿದ್ದಾರೆ.

ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿ. ಏನಾದರೂ ಆಸೆ ಇದೆಯೇ, ಕಾಕ್‌ಪಿಟ್‌ನಲ್ಲಿ ಒಮ್ಮೆ ಕೂರಬೇಕೆಂಬಂಥದ್ದು, ಎಂದು ಕೇಳಿದರೆ ಅವರು ಇಲ್ಲವೆಂದು ತಲೆಯಾಡಿಸುತ್ತಾರೆ. ಬೇಲಿಯ ಕೆಳಗೆ ಗೆರ್ಟ್ರೂಡ್ ಕೊಡೆ ಹಿಡಿದು ನಿಂತು ಯಾರ ಹತ್ತಿರವೋ ಎಂಬಂತೆ ಕೂಗುತ್ತಿದ್ದಾರೆ, “ಬಿಸಿನೀರು ಆರ್ತಾ ಉಂಟು! ಬೇಕಾದವರು ಬಂದು ಕುಡಿಯಬಹುದು!”

ಮೋಹಿನಿ ಕತ್ತಿಯನ್ನು ಹುಲ್ಲಿಗೆ ಒರೆಸುತ್ತಾರೆ. “ನನ್ನ ಜಾಗಕ್ಕೆ ಯಾರು ಬಂದ್ರೂ ಮೊದಲ ದಿನವೇ ಇಳಿದು ಹೋಗಿ ಆ ಮನೆಗಳವರನ್ನು ಮಾತಾಡಿಸ್ಲಿ, ಅಷ್ಟೇ. ಯಂತ್ರ ಆಮೇಲೆ ಕಲಿಬಹುದು.”